ಮಾವನ ಪರಿಸ್ಥಿತಿ ಪುಸ್ತಕ

ರಾಷ್ಟ್ರೀಯ ಪರಿಸರ ಸ್ಥಿತಿ ವರದಿ ಎಂಬ ದಪ್ಪ ಪುಸ್ತಕವನ್ನು ರಟ್ಟಿನಿಂದ ರಟ್ಟಿನವರೆಗೆ ಒಂದಕ್ಷರವೂ ಬಿಡದೆ ಓದಿದವರು ಈ ದೇಶದಲ್ಲಿ ಒಬ್ಬರೇ ಒಬ್ಬರು. ಅವರು ನನ್ನ ಸೋದರಮಾವ! ಬರೆದವರನ್ನೂ ಲೆಕ್ಕಕ್ಕೆ ಹಿಡಿದೇ ಈ ಮಾತು ಹೇಳುತ್ತಿದ್ದೇನೆ. ಬರೆದವರು ತಂತಮ್ಮ ಅಧ್ಯಾಯ ಬರೆದು ಕೈ ತೊಳೆದುಕೊಂಡಿರುತ್ತಾರೆ. ಬಿಡುಗಡೆ ಮಾಡಿದವರು ಪುಸ್ತಕವನ್ನು ಎದೆಯ ಮುಂದೆ ಹಿಡಿದು, ಫೋಟೋ ತೆಗೆಸಿಕೊಂಡು, ಪಕ್ಕದವರ ಕೈಗೆ ದಾಟಿಸಿರುತ್ತಾರೆ. ನಮ್ಮ ಮಾವ ಹಾಗಲ್ಲ. ಹಿಂಬದಿಯ ರಟ್ಟಿನ ಮೇಲೆ ಇರುವೆ ಸಾಲಿನಂತಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿ, ಅದರ ಪಿನ್‌ಕೋಡಿನಲ್ಲಿ ಒಂದು ಅಂಕಿ ಕಡಿಮೆ ಇದೆ ಎಂದು ಪತ್ತೆ ಹಚ್ಚಿದವರು ಅವರು.

ಪುಸ್ತಕ ಅವರ ಕೈಗೆ ಸಿಕ್ಕಿದ್ದು ನನ್ನಿಂದ. ಆ ಅಪರಾಧವನ್ನು ಅತ್ತೆ ಇವತ್ತಿಗೂ ಕ್ಷಮಿಸಿಲ್ಲ.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಒಂದು ದಿನ ನಮ್ಮ ಕಾಲೇಜಿಗೆ ಈ ವರದಿಯ ಹತ್ತು ಪ್ರತಿಗಳು ಬಂದವು. ಒಂದೊಂದರ ಕೊನೆಯಲ್ಲೂ ಒಂದು ಬಿಡಿ ಹಾಳೆ: ‘ಓದುಗರ ಅಭಿಪ್ರಾಯ ಪತ್ರ’. ಅದರಲ್ಲಿ ಒಂದೇ ಪ್ರಶ್ನೆ. ‘ಈ ವರದಿಯನ್ನು ತಾವು ಹೇಗೆ ಬಳಸಿದಿರಿ?’ ಕೆಳಗೆ ಚೌಕಗಳು. ಆಡಳಿತಕ್ಕೆ, ಸಂಶೋಧನೆಗೆ, ಬೋಧನೆಗೆ, ಪತ್ರಿಕೆಗೆ ಬರೆಯಲಿಕ್ಕೆ. ಕೊನೆಯ ಚೌಕ ‘ಇತರೆ, ವಿವರಿಸಿ’. ವಿವರಿಸಲು ನಾಲ್ಕು ಖಾಲಿ ಗೆರೆ. ಹತ್ತು ಹಾಳೆಗಳನ್ನೂ ತುಂಬಿಸಿ ದೆಹಲಿಗೆ ಕಳುಹಿಸುವ ಕೆಲಸವನ್ನು ಪ್ರಿನ್ಸಿಪಾಲರು ನನಗೆ ಹಚ್ಚಿದರು. ಪರಿಸರ ಎಂದರೆ ಜೀವಶಾಸ್ತ್ರದವರು ತಾನೇ!

ವಿಚಾರಿಸಿಕೊಂಡು ಹೊರಟೆ. ಪ್ರಿನ್ಸಿಪಾಲರ ಪ್ರತಿ ಅವರ ಮೇಜಿನ ಗಿಡ್ಡ ಕಾಲಿನ ಕೆಳಗಿತ್ತು. ಎರಡು ಪ್ರತಿಗಳು ಆಫೀಸಿನ ಕಂಪ್ಯೂಟರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದವು. ಲೈಬ್ರರಿಯ ಪ್ರತಿಗಳು ಗಾಜಿನ ಬೀರುವಿನಲ್ಲಿದ್ದವು, ಬೀಗದ ಕೈ ವರ್ಗವಾಗಿ ಹೋದವರ ಜೊತೆ ಹೋಗಿತ್ತು. ರಾಜ್ಯಶಾಸ್ತ್ರದ ಮೇಡಂ ತಮ್ಮ ಪ್ರತಿಯನ್ನು ಕಿಟಕಿ ಮುಚ್ಚಿಕೊಳ್ಳದಂತೆ ಸಂದಿಗೆ ಸಿಕ್ಕಿಸಿದ್ದರು. “ಗಾಳಿಯ ಅಧ್ಯಾಯ ಇರೋ ಪುಸ್ತಕದಿಂದ ಗಾಳಿ ಬರ್ತಿದೆ ಕಣ್ರೀ, ಇನ್ನೇನು ಬೇಕು?” ಎಂದರು. ನನ್ನ ಪ್ರತಿ? ನನ್ನದು ಮನೆಯಲ್ಲಿ ಹಳೇ ಪೇಪರು ಫ್ಯಾನಿಗೆ ಹಾರದಂತೆ ಅದರ ಮೇಲೆ ಕೂತಿತ್ತು. ನಾನು ಯಾವ ಬಾಯಲ್ಲಿ ಇನ್ನೊಬ್ಬರನ್ನು ಬೈಯಲಿ? ಇದಕ್ಕೆಲ್ಲ ಯಾವ ಚೌಕಕ್ಕೆ ಗುರುತು ಹಾಕುವುದೆಂದು ತಿಳಿಯದೆ ಹಾಳೆಗಳನ್ನು ಹಾಗೇ ಬ್ಯಾಗಿಗೆ ತುರುಕಿದೆ.

ಅಷ್ಟರಲ್ಲಿ ಮಾವ ಮಂಡ್ಯಕ್ಕೆ ಬಂದರು. ಪಿಂಚಣಿಯವರು ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ ತಾವಿನ್ನೂ ಬದುಕಿದ್ದೇವೆಂದು ರುಜುವಾತು ಮಾಡಬೇಕಲ್ಲ, ಅದಕ್ಕೆ. ಅವರ ಊರು ಮದ್ದೂರಿಂದ ಮಳವಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ಚಿಕ್ಕರಸಿನಕೆರೆ ದಾಟಿ ಒಳಕ್ಕೆ. ಒಂದು ಚೀಲ ಸೊಪ್ಪು, ಒಂದು ಅರ್ಜಿ ಹಿಡಿದು ಬಂದವರು ಅರ್ಜಿಯನ್ನು ನನ್ನ ಮುಂದಿಟ್ಟರು.

“ಒಸಿ ತುಂಬ್ಕೊಡಮ್ಮಿ. ಕನ್ನಡ್ಕ ಮರ್ತು ಬಂದಿವ್ನಿ.”

ತುಂಬಿಕೊಟ್ಟೆ. ಹತ್ತು ನಿಮಿಷದ ನಂತರ ನೋಡಿದರೆ, ಅದೇ ಮಾವ ಅದೇ ಜೇಬಿನಿಂದ ಅದೇ ಕನ್ನಡಕ ತೆಗೆದು ಮೂಗಿಗೇರಿಸಿ, ಪೇಪರಿನ ಮೇಲಿದ್ದ ಪರಿಸರ ವರದಿಯನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದಾರೆ! ನಮ್ಮ ಮಾವನ ಸೋಮಾರಿತನ ನನಗೆ ಹೊಸದಲ್ಲ ಎಂದು ನಕ್ಕು ಸುಮ್ಮನಾದೆ.

ಮಾವ ಓದುವುದೇ ಒಂದು ಆಶ್ಚರ್ಯ, ಯಾಕೆಂದರೆ ಅವರು ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಟೈಪಿಸ್ಟ್ ಆಗಿದ್ದವರು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸು. ಮಾತಾಡುತ್ತಾ, ಕಿಟಕಿಯಾಚೆ ನೋಡುತ್ತಾ, ಎಲೆಯಡಿಕೆ ಅಗಿಯುತ್ತಾ ಹತ್ತೂ ಬೆರಳಲ್ಲಿ ಬಾರಿಸುತ್ತಿದ್ದರು. ಚಿಕ್ಕವಳಿದ್ದಾಗ ನಾನು ಆ ಕಚೇರಿಗೆ ಹೋಗಿ ಅವರ ಬೆರಳು ನೋಡಲು ಪ್ರಯತ್ನಿಸಿದ್ದುಂಟು, ಕಾಣುತ್ತಲೇ ಇರಲಿಲ್ಲ. ಆದರೆ ಟೈಪು ಮಾಡಿದ್ದನ್ನು ಅವರು ಒಂದು ದಿನವೂ ಓದಿದವರಲ್ಲ.

“ಟೈಪಿಸ್ಟು ಓದ್ಬಾರ್ದು ಕಣಮ್ಮಿ. ಓದ್ದ ಅಂದ್ರೆ ಸ್ಪೀಡು ಸತ್ತೋಯ್ತದೆ. ಮೂವತ್ತೈದು ವರ್ಸ ಸರ್ಕಾರ ಏನೇನು ಮಾಡ್ತು ಅಂತ ನನ್ನ ಬೆರಳಿಗ್ ಗೊತ್ತು, ನನಗ್ ಗೊತ್ತಿಲ್ಲ” ಎನ್ನುತ್ತಿದ್ದರು.

ಆ ಬಾಕಿಯನ್ನೆಲ್ಲ ಈ ಒಂದೇ ಪುಸ್ತಕದಲ್ಲಿ ತೀರಿಸಿಕೊಳ್ಳಲು ಹೊರಟರೋ ಏನೋ, ಸಂಜೆ ಸೊಪ್ಪಿನ ಚೀಲದಲ್ಲಿ ವರದಿ ತುಂಬಿಕೊಂಡು ಬಸ್ಸು ಹತ್ತಿದರು. ನಾನೂ ಅಭಿಪ್ರಾಯ ಪತ್ರದ ಹಾಳೆಯೊಂದನ್ನು ಒಳಗಿಟ್ಟು, “ಓದಿ ಇದನ್ನ ತುಂಬಿಕೊಡಿ ಮಾವ” ಎಂದೆ. “ಅದ್ಕೇನು, ಆಮ್ಯಾಕೆ ತುಂಬ್ತೀನಿ ಬುಡು” ಎಂದರು. ಆ ‘ಆಮ್ಯಾಕೆ’ ಎಷ್ಟು ಉದ್ದದ್ದೆಂದು ಆಗ ಗೊತ್ತಿರಲಿಲ್ಲ.

ಮಾವ ಓದುವ ಪರಿಯನ್ನು ನೀವು ಕೇಳಬೇಕು. ಇಂಗ್ಲಿಷಿನಲ್ಲಿದ್ದದ್ದನ್ನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿಕೊಂಡು ಹೋಗುತ್ತಾರೆ. ಟೈಪಿಸ್ಟರ ಅಭ್ಯಾಸ ಬಿಡುತ್ತದೆಯೇ? ಚಿಹ್ನೆಗಳನ್ನೂ ಓದುತ್ತಾರೆ! “ಗಾಳಿಯ ಮಾಲಿನ್ಯ ಕಾಮಾ, ನೀರಿನ ಮಾಲಿನ್ಯ ಕಾಮಾ, ಮಣ್ಣಿನ ಮಾಲಿನ್ಯ ಕಾಮಾ...” ಹೀಗೆ ಅರ್ಧ ಪುಟ ಸಾಗಿದರೂ ವಾಕ್ಯ ಮುಗಿಯುವುದಿಲ್ಲ. “ನೋಡಮ್ಮಿ, ಮಾಲಿನ್ಯಕ್ಕೆಲ್ಲ ಕಾಮಾನೇ. ಫುಲ್‌ಸ್ಟಾಪು ಯಾವನೂ ಇಕ್ಕಿಲ್ಲ” ಎಂದು ನನಗೆ ಫೋನಿನಲ್ಲಿ ವರದಿ ಮೇಲೆ ವರದಿ.

ಅತ್ತೆಗೆ ತಡೆಯಲಾಗಲಿಲ್ಲ. ಫೋನು ಕಿತ್ತುಕೊಂಡು ಹೇಳಿದರು:

“ನಿಮ್ ಮಾವುಂಗೆ ಒಸಿ ಬುದ್ಧಿ ಏಳವ್ವ. ಈ ವಯಸ್ಸಲ್ಲಿ ಜಗ್ಲಿ ಮ್ಯಾಲೆ ಕುಂತ್ಕೊಂಡು ಕಾಮ ಕಾಮ ಅಂತ ಕಿರುಚ್ತಾರಲ್ಲ, ಬೀದಿ ಎಂಗಸ್ರು ಏನಂದ್ಕೊಂಡಾರು?”

ಅತ್ತೆಯೂ ವರದಿಯನ್ನು ಬಳಸದೆ ಬಿಟ್ಟವರಲ್ಲ. ಮಾವ ಸ್ನಾನಕ್ಕೆ ಹೋದ ಹೊತ್ತಿಗೆ ಅದು ಹೊಸ ಮಾವಿನಕಾಯಿ ಉಪ್ಪಿನಕಾಯಿ ಜಾಡಿಯ ತಟ್ಟೆಯ ಮೇಲೆ ಭಾರಕ್ಕೆ ಕೂತಿರುತ್ತಿತ್ತು. ಒಮ್ಮೆ ಎಣ್ಣೆ ಸೋರಿ ಕಾಡುಪ್ರಾಣಿಗಳ ಅಧ್ಯಾಯದ ತುಂಬ ಒಗ್ಗರಣೆಯ ವಾಸನೆ. ಮಾವ ಕೂಗಾಡಿದರು. ಅತ್ತೆ ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತಲೇ, “ಉಪ್ಪಿನಕಾಯಂತೂ ಕೆಡ್ದಂಗೆ ಕಾಪಾಡೈತೆ. ದೇಸ ಕಾಪಾಡೈತೋ ಇಲ್ವೋ ಆ ದೇವ್ರೇ ಬಲ್ಲ” ಎಂದರು. ನನ್ನ ಬ್ಯಾಗಿನಲ್ಲಿದ್ದ ಹಾಳೆಗಳ ಪೈಕಿ ಒಂದನ್ನು ಅತ್ತೆಗೇ ಕೊಡಬೇಕೆಂದು ಅನ್ನಿಸಿತು. ಇಷ್ಟು ಖಚಿತವಾದ ಉತ್ತರ ದೆಹಲಿಗೆ ಇನ್ನೆಲ್ಲಿಂದ ಹೋದೀತು?

ಪುಸ್ತಕ ಓದಿ ಮುಗಿಸಿದ ಮಾವ ಮಾಡಿದ ಮೊದಲ ಕೆಲಸ ಅದರಲ್ಲಿದ್ದ ಅಚ್ಚಿನ ತಪ್ಪುಗಳ ಪಟ್ಟಿ. ಅವರು ಹೇಳುತ್ತಾ ಹೋದರು, ಭಾನುವಾರ ಊರಿಗೆ ಹೋಗಿದ್ದ ನಾನು ಬರೆಯುತ್ತಾ ಹೋದೆ. “ನೀವೇ ಟೈಪು ಮಾಡಬಾರದಾ?” ಎಂದು ಮೂಲೆಯಲ್ಲಿದ್ದ ಟೈಪ್‌ರೈಟರ್ ತೋರಿಸಿದೆ. ಕಚೇರಿಗೆ ಕಂಪ್ಯೂಟರ್ ಬಂದು ಹಳೆಯದೆಲ್ಲ ಹರಾಜಾದಾಗ ಮಾವ ತಮ್ಮ ಕನ್ನಡ ಟೈಪ್‌ರೈಟರನ್ನು ಮಾತ್ರ ಕೂಗಿ ಮನೆಗೆ ತಂದಿದ್ದರು. ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡು, ಉಳಿದ ದಿನ ಅತ್ತೆಯ ಹಳೇ ಸೀರೆಯ ತುಂಡು ಹೊದ್ದುಕೊಂಡು ಕೂತಿರುತ್ತಿತ್ತು. “ರಿಬ್ಬನ್ ಒಣಗೋಗೈತೆ” ಎಂದು ಮಾವ ಮಾತು ತೇಲಿಸಿದರು.

ಆ ಪಟ್ಟಿ ದೆಹಲಿಗೆ ಹೋಯಿತು. ತಿಂಗಳ ಮೇಲೆ ಅಚ್ಚಾದ ಕಾರ್ಡೊಂದು ಬಂತು. ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ವಂದನೆಗಳು ಎಂದು ಒಕ್ಕಣೆ. ಅದರಲ್ಲಿ ಮಾವನ ಹೆಸರಿಗೆ ಒಂದು ಅಕ್ಷರ ಹೆಚ್ಚಾಗಿತ್ತು. ಮಾವ ಏನು ಮಾಡಿದರು ಅಂತೀರಿ? ತಪ್ಪಿಗೆ ಸುತ್ತು ಹಾಕಿಸಿ, ಕಾರ್ಡನ್ನು ವಾಪಸ್ ಕಳಿಸಿದರು!

ದೆಹಲಿಯಿಂದ ಕಾರ್ಡು ಬಂದದ್ದೇ ಬಂದದ್ದು, ಊರಿನಲ್ಲಿ ಪುಸ್ತಕದ ತೂಕ ಏರಿತು. ಪರಿಸರ ಸ್ಥಿತಿ ವರದಿ ಎಂಬುದು ಜಗಲಿಯಿಂದ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಸವೆದು ‘ಪರಿಸ್ಥಿತಿ ವರದಿ’ಯಾಯಿತು, ಅಲ್ಲಿಂದ ‘ಪರಿಸ್ಥಿತಿ ಪುಸ್ತಕ’ವಾಯಿತು. ಪರಿಸ್ಥಿತಿ ಯಾರಿಗಿಲ್ಲ ಹೇಳಿ? ಎಲ್ಲರಿಗೂ ಇದೆ, ಎಲ್ಲರದೂ ಕೆಟ್ಟಿದೆ! ಜನ ಬೆಳಗ್ಗೆಯೇ ಜಗಲಿಗೆ ಬರತೊಡಗಿದರು. “ಟೈಪಣ್ಣ, ನಮ್ ಪರಿಸ್ಥಿತಿ ಎಂಗೈತೆ, ಒಸಿ ನೋಡಿ ಏಳಪ್ಪ.” ಊರಲ್ಲಿ ಮಾವನ ಹೆಸರು ಟೈಪಣ್ಣ ಎಂದೇ.

ಒಬ್ಬ ಗೌಡರು ಮಗಳಿಗೆ ಬಂದ ಎರಡು ಸಂಬಂಧ ಹಿಡಿದು ಬಂದರು. ಒಂದು ಬೆಂಗಳೂರಿನದು, ಒಂದು ಮಳವಳ್ಳಿ ಕಡೆಯದು. ಮಾವ ಗಂಭೀರವಾಗಿ ಪುಸ್ತಕದೊಳಗಿನ ಮಾಲಿನ್ಯದ ನಕ್ಷೆ ಬಿಚ್ಚಿದರು. ಬೆಂಗಳೂರು ಇರುವ ಕಡೆ ಕೆಂಪು ಬಣ್ಣ, ಮಳವಳ್ಳಿ ಕಡೆ ಹಸಿರು. ಗೌಡರು ಹಿಂದುಮುಂದು ನೋಡದೆ ಮಳವಳ್ಳಿಯವರಿಗೆ ಮಾತು ಕೊಟ್ಟೇಬಿಟ್ಟರು. ಹುಡುಗ ಏನು ಓದಿದ್ದಾನೆಂದು ಕೇಳಿದ್ದೇ ಆಮೇಲೆ! ಪುಣ್ಯಕ್ಕೆ ಒಳ್ಳೆಯ ಹುಡುಗ. ಈಗ ಇಬ್ಬರೂ ಅನ್ಯೋನ್ಯವಾಗಿದ್ದಾರೆ, ಕೀರ್ತಿಯೆಲ್ಲ ಭಾರತ ಸರ್ಕಾರಕ್ಕೆ ಹೋಗಿದೆ.

ಇನ್ನೊಬ್ಬರು ಕಬ್ಬು ಕಡಿದ ಗದ್ದೆಯಲ್ಲಿ ಒಣ ತರಗಿಗೆ ಬೆಂಕಿ ಹಾಕಲು ಹೊರಟಿದ್ದರು. ಮಾವ ಪುಸ್ತಕ ಹೊತ್ತು ಬದುವಿನ ಮೇಲೆ ನಿಂತು ಹೊಗೆಯ ಅಧ್ಯಾಯವನ್ನು ಮೊದಲಿನಿಂದ ಶುರು ಮಾಡಿದರು. ಬಿಸಿಲು ಏರಿತು. ಕಾಮಾಗಳು ಒಂದರ ಹಿಂದೆ ಒಂದು ಬಂದವು. ಗದ್ದೆಯವರು ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಕೈ ಮುಗಿದರು.

“ನಿಲ್ಸು ಕಣಣ್ಣ, ನಿನ್ನ ಕಾಲಿಗ್ ಬೀಳ್ತೀನಿ. ತರಗು ಸಾಲಿಗೇ ಎಳ್ದು ಕೊಳೆಸ್ತೀನಿ. ನೀನು ಓದೋದ್ ನಿಲ್ಸು!”

ಮರುವರ್ಷ ಆ ಗದ್ದೆಯ ಮಣ್ಣು ಮೆತ್ತಗಾಗಿ, ಎರೆಹುಳು ಎದ್ದು, ಅಕ್ಕಪಕ್ಕದವರೂ ಬೆಂಕಿ ಹಾಕುವುದು ಬಿಟ್ಟರು. ಪರಿಸರ ವರದಿಯಿಂದ ಹೊಗೆ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಚೌಕಕ್ಕೆ ಗುರುತು ಹಾಕಲಿ, ನೀವೇ ಹೇಳಿ! ಮಾವನಿಗೆ ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದೆ, “ಹಾಳೆ ತುಂಬಿದಿರಾ?” “ಆಮ್ಯಾಕೆ ಕಣಮ್ಮಿ.”

ಹೀಗೆ ನಗುನಗುತ್ತಾ ಇದ್ದಾಗ ಕಟ್ಟೆಯ ವಿಷಯ ಬಂತು.

ಮಾವನ ಊರಿನ ಮುಂದೆ ಒಂದು ಕಟ್ಟೆ ಇದೆ. ಕೆರೆಗಿಂತ ಚಿಕ್ಕದು, ಹೊಂಡಕ್ಕಿಂತ ದೊಡ್ಡದು. ನಾಲೆಯ ಬಸಿನೀರು ಬಂದು ತುಂಬುತ್ತದೆ. ದನ ಮೈ ತೊಳೆಸಿಕೊಳ್ಳುತ್ತವೆ, ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟಿದ ಹೆಜ್ಜಾರ್ಲೆಗಳು ಕೊಕ್ಕಿನ ಚೀಲ ತೂಗುಹಾಕಿಕೊಂಡು ಮೀನಿಗೆ ಇಲ್ಲಿಗೆ ಬರುತ್ತವೆ. ಆದರೆ ಕಟ್ಟೆಯ ಏರಿಗೆ ಅಂಟಿಕೊಂಡೇ ಬಸ್ಸು ನಿಲ್ಲುವ ಜಾಗ. ಮದ್ದೂರಿನ ಬಸ್ಸು ತಿರುಗಲು ಜಾಗವಿಲ್ಲದೆ, ಕಂಡಕ್ಟರ್ ಸೀಟಿ ಊದುತ್ತಾ, ಹೆಂಗಸರು ಮಕ್ಕಳನ್ನು ಎಳೆದುಕೊಳ್ಳುತ್ತಾ, ದಿನಾ ಒಂದು ಸಾಹಸ. ಗ್ರಾಮಸಭೆಯಲ್ಲಿ ಒಬ್ಬ ಮೆಂಬರು ಎದ್ದು ನಿಂತರು.

“ಆ ಕಟ್ಟೇಲಿ ಏನೈತೆ? ಪಾಚಿ ಐತೆ, ಸೊಳ್ಳೆ ಐತೆ. ಮಣ್ಣು ತುಂಬಿ ಸಮ ಮಾಡುದ್ರೆ ಬಸ್ಸು ಸಲೀಸಾಗಿ ತಿರುಗ್ತದೆ.”

ಮಾತಿನಲ್ಲಿ ಸುಳ್ಳಿರಲಿಲ್ಲ. ಪಾಚಿಯೂ ಇತ್ತು, ಸೊಳ್ಳೆಯೂ ಇತ್ತು. ಅಧ್ಯಕ್ಷೆ ತೀರ್ಮಾನ ಬರೆಸಲು ಹೊರಟಾಗ, ಹಿಂದೆ ಕೂತಿದ್ದ ಒಬ್ಬ ಅಜ್ಜಿ ಕೂಗಿದರಂತೆ.

“ಪರಿಸ್ಥಿತಿ ಪುಸ್ತಕದಾಗೆ ನಮ್ ಕಟ್ಟೆ ಇದ್ರೆ ಮುಟ್ಟಂಗಿಲ್ಲ, ಅಲ್ವೇನಪ್ಪ ಟೈಪಣ್ಣ?”

ಸಭೆ ಮಾವನ ಕಡೆ ತಿರುಗಿತು. ಅಧ್ಯಕ್ಷೆ ಯೋಚಿಸಿ, “ದಿಲ್ಲಿ ಪುಸ್ತಕದಾಗೆ ಐತೆ ಅಂದ್ರೆ ನಾವೆಂಗ್ ಮುಟ್ಟೋದು? ಮುಂದ್ಲ ಸಭೆಗೆ ನೋಡ್ಕೊಂಡ್ ಬನ್ನಿ ಅಣ್ಣೋ” ಎಂದರು. ಒಂದು ಇಡೀ ಕಟ್ಟೆ ಮಾವನ ‘ಇದೆ’, ‘ಇಲ್ಲ’ ಎಂಬ ಒಂದು ಮಾತಿಗೆ ಬಂದು ನಿಂತಿತು.

ನೋಡುವುದೇನಿದೆ? ದೇಶದ ವರದಿಯಲ್ಲಿ ನಮ್ಮೂರ ಕಟ್ಟೆ ಬರಲು ಸಾಧ್ಯವೇ? ಅದರಲ್ಲಿ ಮಂಡ್ಯವೇ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ! ಪುಸ್ತಕವನ್ನು ಬಾಯಿಪಾಠ ಮಾಡಿದ್ದ ಮಾವನಿಗೆ ಇದು ಅಲ್ಲಿಯೇ ಗೊತ್ತಿತ್ತು. ಆ ವಾರ ಅವರಿಗೆ ಅನ್ನ ಸೇರಲಿಲ್ಲ ಎಂದು ಅತ್ತೆ ಫೋನು ಮಾಡಿದರು. ನಾನು ಹೋದೆ. ಮಾವ ಜಗಲಿಯ ಮೇಲೆ ಕಟ್ಟೆಯ ಕಡೆ ಮುಖ ಮಾಡಿ ಕೂತಿದ್ದರು. ಅತ್ತೆ ತಂದ ಅರ್ಧ ಲೋಟ ಕಾಫಿ ಪಕ್ಕದಲ್ಲಿ ಆರುತ್ತಿತ್ತು. ಈಚೆಗೆ ಅವರು ಅರ್ಧ ಲೋಟಕ್ಕಿಂತ ಹೆಚ್ಚು ಹಾಕಿಸಿಕೊಳ್ಳುತ್ತಿರಲಿಲ್ಲ, ಪಿತ್ತವಂತೆ.

ಅತ್ತೆ ನೇರವಾಗಿ ವಿಷಯಕ್ಕೆ ಬಂದರು. “ಟೈಪ್ ಮಿಸನ್ನು ಮನೇಲೇ ಐತೆ. ಒಂದು ಆಳೆ ಒಡ್ದು ಒಳೀಕೆ ಸೇರ್ಸಿಬುಡಿ. ಯಾವನು ಬಂದು ನೋಡ್ತಾನೆ?”

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಅತ್ತೆಯ ಪಕ್ಷ ವಹಿಸಿದೆ. ಪಾಠ ಹೇಳುವವಳು ನಾನು! “ಒಂದೇ ಸಾಲು ಮಾವ. ಕಟ್ಟೆ ಉಳಿಯುತ್ತೆ” ಎಂದೆ.

ಮಾವನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. “ಒರಿಜಿನಲ್ ಒಳಗೆ ಇಲ್ದೇ ಇರೋ ಅಕ್ಸರ ಒಂದ್ನೂ ಒಡ್ದವ್ನಲ್ಲ ನಾನು. ಎಂತೆಂತೋರು ಬಂದು ಕೈ ಇಡ್ಕೊಂಡ್ರು, ಒಡೀಲಿಲ್ಲ. ಈಗ ಸುಳ್ಳು ಟೈಪ್ ಮಾಡುದ್ರೆ ಈ ಬೆರಳು...” ಎಂದವರು ಮಾತು ನಿಲ್ಲಿಸಿ, ಎರಡೂ ಕೈಗಳನ್ನು ಟವೆಲಿನೊಳಗೆ ಸೇರಿಸಿಕೊಂಡರು. ಇಂಥ ಹರಿಶ್ಚಂದ್ರನ ತುಂಡಿನಿಂದ ಊರು ಉದ್ಧಾರವಾಗುವುದಿಲ್ಲ ಎಂದು ನಾನು ದಾರಿಯುದ್ದಕ್ಕೂ ಗೊಣಗುತ್ತಾ ಮಂಡ್ಯಕ್ಕೆ ಬಂದೆ.

ಮುಂದಿನ ಸಭೆಗೆ ಕಾಲೇಜಿಗೆ ರಜೆ ಹಾಕಿ ಹೋದೆ. ಪಂಚಾಯಿತಿ ಮುಂದಿನ ಶಾಮಿಯಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾವ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಉಪ್ಪಿನಕಾಯಿಯ ಘಮ ಮೊದಲ ಸಾಲಿನವರೆಗೂ ಬಂತು. ಅಧ್ಯಕ್ಷೆ ಕೇಳಿದರು: “ಐತಾ ಅಣ್ಣ?”

“ಇಲ್ಲ” ಎಂದರು ಮಾವ.

ಅಜ್ಜಿ ಸೆರಗನ್ನು ಬಾಯಿಗೆ ಇಟ್ಟುಕೊಂಡರು. ಮೆಂಬರು ಮೀಸೆಯಲ್ಲೇ ನಕ್ಕರು. ಮಾವ ಮಾತ್ರ ಕೂರಲಿಲ್ಲ. ಪುಸ್ತಕವನ್ನು ಹಿಂದಿನಿಂದ ತೆರೆದು ಸಭೆಗೆ ತೋರಿಸಿದರು. ಕೊನೆಯಲ್ಲಿ ‘ಟಿಪ್ಪಣಿಗಳು’ ಎಂಬ ತಲೆಬರಹದ ಕೆಳಗೆ ನಾಲ್ಕಾರು ಖಾಲಿ ಪುಟಗಳು, ಬರೀ ಗೆರೆ.

“ಇದ್ನ ಖಾಲಿ ಬುಟ್ಟವ್ರೆ. ಯಾರಿಗ್ ಬುಟ್ಟವ್ರೆ? ಓದೋರಿಗೆ. ಈ ದೇಸದಾಗೆ ಇದ್ನ ಪೂರ್ತಿ ಓದಿರೋನು ನಾನೊಬ್ನೇ, ನನ್ ಸೊಸೆ ಕೇಳಿ ಬೇಕಾದ್ರೆ. ಅಂದ್ಮೇಲೆ ಈ ಪುಟ ನಮ್ದು. ನಮ್ ಕಟ್ಟೆ ಪುಸ್ತಕದಾಗೆ ಇಲ್ಲ ಅಂದ್ರೆ ತಪ್ಪು ದಿಲ್ಲಿಯವ್ರದಲ್ಲ. ನಾವು ಬರ್ದು ಕೊಟ್ಟಿಲ್ಲ. ಒರಿಜಿನಲ್ ನಾನು ಮುಟ್ಟಲ್ಲ. ಅನುಬಂಧ ಅಂತ ಬೇರೆ ಮಾಡ್ತೀನಿ. ಕಟ್ಟೆ ಪರಿಸ್ಥಿತಿ ಏನು, ನೀವೇಳಿ.” ನನ್ನ ಕಡೆ ತಿರುಗಿ, “ಬರ್ಕೊಳಮ್ಮಿ. ಆಮ್ಯಾಕೆ ಟೈಪ್ ಮಾಡ್ತೀನಿ” ಎಂದರು.

ಮೊದಲು ಅಜ್ಜಿ ಎದ್ದರು. “ನನ್ನ ನಾಲ್ಕು ಬಾಣಂತನದ ಬಟ್ಟೆ ಆ ನೀರಲ್ಲೇ ಒಗ್ದಿದ್ದು. ಬರ್ಕೋ.” ಕುರಿಯವರು ಎದ್ದು, ಊರಲ್ಲಿ ನಲ್ಲಿ ನಿಂತ ದಿನ ತಮ್ಮ ಮಂದೆ ಕುಡಿದದ್ದೆಲ್ಲಿ ಎಂದು ಕೇಳಿದರು. ಕೊಳವೆಬಾವಿ ಇದ್ದವರೊಬ್ಬರು, ಕಟ್ಟೆ ತುಂಬಿದ ವರ್ಷ ತಮ್ಮ ಮೋಟಾರು ಕೆಮ್ಮಿದ್ದೇ ಇಲ್ಲ ಎಂದರು. ಹೆಜ್ಜಾರ್ಲೆ ಬಂದ ವಾರವೇ ತಮ್ಮ ಎಮ್ಮೆ ಈಯುತ್ತದೆ ಎಂದು ಒಬ್ಬಾಕೆ ಹೇಳಿದಾಗ, ಅದನ್ನು ಬರೆಯಬೇಕೋ ಬೇಡವೋ ಎಂದು ಜೀವಶಾಸ್ತ್ರದವಳಾದ ನಾನು ಅನುಮಾನಿಸಿದೆ. “ಬರಿ ಬರಿ” ಎಂದರು ಮಾವ. ಮಾತು ಮಾತು ಸೇರಿ ಸಂತೆಯಂತಾಯಿತು. ಆ ಗದ್ದಲದಲ್ಲಿ ಮೆಂಬರ ಬಾಯಿಂದಲೇ ಒಂದು ಮಾತು ಜಾರಿತು.

“ಅಯ್ಯೋ, ನಾನು ಈಜು ಕಲ್ತಿದ್ದೂ ಅಲ್ಲೇ ಕಣ್ರಯ್ಯ!”

“ಬರ್ಕೊಂಡಾಯ್ತು!” ಎಂದರು ಮಾವ. ಮೆಂಬರು ತಾವೇ ನಕ್ಕುಬಿಟ್ಟರು.

ಅವತ್ತಿನ ತೀರ್ಮಾನ ಹೀಗೆ ಬರೆಯಲ್ಪಟ್ಟಿತು: ‘ಸದರಿ ಕಟ್ಟೆಯ ಬಗೆಗಿನ ಅನುಬಂಧವು ಪೂರ್ಣಗೊಳ್ಳುವವರೆಗೆ ಅದಕ್ಕೆ ಒಂದು ಬಾಂಡಲಿ ಮಣ್ಣನ್ನೂ ಹಾಕತಕ್ಕದ್ದಲ್ಲ.’ ಅಲ್ಲಿಯತನಕ ಬಸ್ಸು ತಿರುಗಿಸಲು ರೈಸ್ ಮಿಲ್ಲಿನವರು ತಮ್ಮ ಅಂಗಳ ಬಿಟ್ಟುಕೊಟ್ಟರು.

ಇಲ್ಲಿಂದ ಮುಂದಿನದೇ ಮಾವನ ಪವಾಡ! ಒಂದು ಕಾಲಕ್ಕೆ ಬೆರಳೇ ಕಾಣದಂತೆ ಬಾರಿಸುತ್ತಿದ್ದ ಮನುಷ್ಯ, ಒಂದು ತಿಂಗಳಾದರೂ ಎರಡು ಸಾಲು ಮುಗಿಸಲಿಲ್ಲ. ಎರಡು ತಿಂಗಳಾಯಿತು, ಮೂರಾಯಿತು. ಬೀದಿಯಲ್ಲಿ ಸಿಕ್ಕವರು ಕಣ್ಣು ಮಿಟುಕಿಸಿ ಕೇಳುವರು, “ಎಲ್ಲೀಗ್ ಬಂತು ಟೈಪಣ್ಣ?” “ನಾಲ್ಕನೇ ಸಾಲು ಕಣಪ್ಪ.” “ನಿಧಾನುಕ್ಕೇ ಮಾಡು, ಅವಸ್ರ ಏನಿಲ್ಲ!” ಮುಗಿದರೆ ತಾನೇ ಮಣ್ಣು ಹಾಕುವುದು? ಟೈಪಣ್ಣನ ತಲೆಯೇ ತಲೆ ಎಂದು ಬೆಸಗರಹಳ್ಳಿಯವರೆಗೂ ಮಾತಾಯಿತು. ಮೆಂಬರೇ ಒಮ್ಮೆ ಬಂದು, “ಅಣ್ಣೋ, ನೀನು ಭಾರಿ ಖದೀಮ ಕಣಣ್ಣ” ಎಂದು ಬೆನ್ನು ತಟ್ಟಿ ಹೋದರು. ಮಾವ ಮೀಸೆಯಡಿಯಲ್ಲಿ ನಗುತ್ತಾ ಸುಮ್ಮನಿರುತ್ತಿದ್ದರು.

ಈ ನಡುವೆ ಇನ್ನೊಂದು ತಮಾಷೆಯಾಯಿತು. ಪುಸ್ತಕಕ್ಕೆ ಹೋಗುವ ಕಟ್ಟೆಯಲ್ಲಿ ಪಾಚಿ ಇದೆ ಎಂದು ದಾಖಲಾದರೆ ಊರಿನ ಮಾನ ಏನಾಗಬೇಕು? ಸ್ವಸಹಾಯ ಸಂಘದ ಹೆಂಗಸರು ಒಂದು ಭಾನುವಾರ ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟರು, ಅತ್ತೆಯೇ ಮುಂದಾಳು. ಎರಡು ಟ್ರ್ಯಾಕ್ಟರ್ ಪಾಚಿ ಮೇಲೆ ಬಂತು, ತೋಟದವರು ಗೊಬ್ಬರಕ್ಕೆ ಹೊತ್ತುಕೊಂಡು ಹೋದರು. ಕುರಿಯವರು ಏರಿಯ ಮೇಲೆ ಹೊಂಗೆ ಸಸಿ ನೆಟ್ಟರು. ಈಗ ‘ಪಾಚಿ ಇದೆ’ ಎಂಬ ಸಾಲು ಸುಳ್ಳಾಯಿತಲ್ಲ! ಮಾವ ಹಾಳೆ ಹರಿದು ಮೊದಲಿಂದ ಶುರು ಮಾಡಿದರು. ಊರು ಇನ್ನಷ್ಟು ಕಣ್ಣು ಮಿಟುಕಿಸಿತು. ನಾನು ಕಾಲೇಜಿನಲ್ಲಿ ಎಲ್ಲರಿಗೂ ಈ ಕತೆ ಹೇಳಿ ನಗಿಸುತ್ತಿದ್ದೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಹೇಳದೆ ಕೇಳದೆ ಊರಿಗೆ ಹೋದೆ. ಮಳವಳ್ಳಿಯ ಕಾಲೇಜಿಗೆ ಪರೀಕ್ಷೆ ಕೆಲಸಕ್ಕೆ ಹೋಗಿದ್ದವಳು, ದಾರಿಯಲ್ಲಿ ಇಳಿದುಕೊಂಡೆ. ಅತ್ತೆ ಸಂಘದ ಸಭೆಗೆ ಹೋಗಿದ್ದರು. ಬಾಗಿಲು ಓರೆಯಾಗಿತ್ತು. ಒಳಗಿನಿಂದ ಟೈಪ್‌ರೈಟರಿನ ಸದ್ದು. ಟಕ್. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಟಕ್. ಯಾರೂ ಇಲ್ಲದಾಗಲೂ ನಾಟಕವಾಡುತ್ತಾರಲ್ಲ ಎಂದು ನಗು ಬಂತು. ಹೆದರಿಸೋಣ ಎಂದು ಮೆಲ್ಲಗೆ ಇಣುಕಿದೆ.

ಮಾವ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ‘ಬ’ ಅಕ್ಷರ ಒತ್ತಬೇಕೆಂದು ಬೆರಳು ಇಳಿಸುತ್ತಿದ್ದರು. ಬೆರಳು ನಡುಗಿ ಪಕ್ಕದ ಅಕ್ಷರದ ಮೇಲೆ ಬೀಳುತ್ತಿತ್ತು. ಕೈ ಎತ್ತಿ, ಉಸಿರು ಬಿಟ್ಟು, ಮತ್ತೆ ಗುರಿ ಹಿಡಿಯುತ್ತಿದ್ದರು. ಕಾಲ ಬುಡದಲ್ಲಿ ತಪ್ಪಾದ ಹಾಳೆಗಳು ಮುದುಡಿ ಬಿದ್ದಿದ್ದವು. ಬೇಗ ಮಾಡಲೆಂದೇ ಅವರು ಒದ್ದಾಡುತ್ತಿದ್ದರು.

ಮರೆತ ಕನ್ನಡಕ, ಒಣಗಿದ ರಿಬ್ಬನ್, ಅರ್ಧ ಲೋಟ ಕಾಫಿ, ಟವೆಲಿನೊಳಗೆ ಹೋದ ಕೈ, ಎಲ್ಲ ಒಟ್ಟಿಗೇ ನೆನಪಾದವು. ಎಷ್ಟು ಸಲ ನಕ್ಕಿದ್ದೆ, ಎಷ್ಟು ಜನರನ್ನು ನಗಿಸಿದ್ದೆ! ನನ್ನ ಮೇಲೆ ನನಗೇ ಅಸಹ್ಯವಾಯಿತು, ಕಣ್ಣು ತುಂಬಿ ಬಂತು. ಮಾವ ತಲೆ ಎತ್ತಿ ನೋಡಿದರು. ಕೈ ಮುಚ್ಚಿಕೊಳ್ಳಲು ಹೋಗಿ, ಬಿಟ್ಟರು.

“ಬೆರಳಿನ ಪರಿಸ್ಥಿತಿ ಒಸಿ ಸರಿ ಇಲ್ಲ ಕಣಮ್ಮಿ” ಎಂದರು. “ಎರಡು ವರ್ಸ ಆಯ್ತು.”

“ಡಾಕ್ಟರಿಗೆ ತೋರಿಸಿದಿರಾ?”

“ತೋರ್ಸಿವ್ನಿ. ಮಾತ್ರೆ ಕೊಟ್ಟವ್ರೆ. ನಿಮ್ಮತ್ತೆಗೆ ಗೊತ್ತು, ಗೊತ್ತಿಲ್ದಂಗೆ ಅವ್ಳೆ. ಊರೋರಿಗೆ ಏಳ್ಬೇಡ. ಟೈಪಣ್ಣ ಬೇಕಂತ್ಲೇ ನಿಧಾನ ಮಾಡ್ತವ್ನೆ ಅನ್ಕೊಂಡವ್ರೆ. ಅಂಗೇ ಇರ್ಲಿ.” ಕಟ್ಟೆಯ ಕಡೆ ನೋಡಿ, “ಕಟ್ಟೆಗೂ ಒಳ್ಳೇದಾಯ್ತಲ್ಲ” ಎಂದು ನಕ್ಕರು.

ನಾನು ಸ್ಟೂಲು ಎಳೆದುಕೊಂಡು ಅವರ ಪಕ್ಕ ಕೂತೆ. “ನೀವು ಹೇಳಿ ಮಾವ, ನಾನು ಹೊಡೀತೀನಿ” ಎಂದೆ. ಕನ್ನಡ ಟೈಪ್‌ರೈಟರ್ ಮುಟ್ಟಿದ್ದು ಅದೇ ಮೊದಲು. ಒತ್ತಕ್ಷರ ಎಲ್ಲಿ, ದೀರ್ಘ ಎಲ್ಲಿ ಎಂದು ಹುಡುಕುವಷ್ಟರಲ್ಲಿ ಅರ್ಧ ಗಂಟೆಗೆ ಒಂದು ಪದ. ಮಾವ ನನ್ನ ಬೆರಳನ್ನೇ ನೋಡುತ್ತಿದ್ದರು. “ನನಗಿಂತ ನಿಧಾನ ಕಣಮ್ಮಿ ನೀನು. ಬುಡು, ನಮ್ ಕಟ್ಟೆಗೆ ಇನ್ನು ಭಯ ಇಲ್ಲ” ಎಂದರು. ಈಗ ಪ್ರತಿ ಭಾನುವಾರ ನಾನು ಹೋಗುತ್ತೇನೆ. ಅವರು ಕೈ ಹಿಡಿದು ಅಕ್ಷರ ತೋರಿಸುತ್ತಾರೆ, ತೋರಿಸುವ ಕೈ ನಡುಗಿದರೆ ಇಬ್ಬರೂ ಕಾಯುತ್ತೇವೆ.

ಅವತ್ತು ಹೊರಡುವ ಮುಂಚೆ ಮಾವ ಪುಸ್ತಕದೊಳಗಿಂದ ಅಭಿಪ್ರಾಯ ಪತ್ರದ ಹಾಳೆ ತೆಗೆದು ಕೊಟ್ಟರು. ಅಂಚೆಲ್ಲ ಸವೆದಿತ್ತು, ‘ಇತರೆ’ ಚೌಕದ ಪಕ್ಕ ಪೆನ್ನಿನ ಮಸಿ ಅತ್ತಿತ್ತ ಗೀಚಿಕೊಂಡಿತ್ತು. ಎಷ್ಟು ಸಲ ಪ್ರಯತ್ನಿಸಿದ್ದರೋ. “ಬರ್ಕೋ” ಎಂದು ಹೇಳಿಸತೊಡಗಿದರು.

“ಈ ವರದಿಯ ಕೊನೆಯ ಖಾಲಿ ಪುಟಗಳಿಗೆ ನಮ್ಮ ಊರಿನ ಕಟ್ಟೆಯನ್ನು ಸೇರಿಸಿಕೊಳ್ಳುತ್ತಿದ್ದೇವೆ ಕಾಮಾ, ಪಾಚಿ ತೆಗೆದಿದ್ದೇವೆ ಕಾಮಾ, ಹೊಂಗೆ ನೆಟ್ಟಿದ್ದೇವೆ ಕಾಮಾ, ಈ ವರ್ಷವೂ ಹೆಜ್ಜಾರ್ಲೆ ಬಂದಿವೆ ಕಾಮಾ...”

ನಾಲ್ಕನೆಯ ಗೆರೆ ತುಂಬಿತು. ಬಾಗಿಲಾಚೆ ಕಟ್ಟೆಯ ಮೇಲೆ ಸಂಜೆಯ ಬಿಸಿಲಿತ್ತು.

“ಇಲ್ಲಿಗೆ ಫುಲ್‌ಸ್ಟಾಪ್ ಹಾಕಲಾ ಮಾವ?” ಎಂದೆ.

“ಬ್ಯಾಡ ಕಣಮ್ಮಿ” ಎಂದರು. “ಕಾಮಾನೇ ಇರ್ಲಿ.”